ಬಣ್ಣ ಹೆಚ್ಚುಕಮ್ಮಿ ಆದ್ರ ರೊಕ್ಕ ಕಡೀಬ್ಯಾಡ್ರಿ

"ಏನವಾ, ಹೊರಗ ಬೆಂಕಿ ಸುರಿಯಾಕತ್ತೈತಿ, ನೀ ಒಳಗ ಕುಂತು ಸ್ವೆಟರ್ ಹೆಣಿಯಾಕತ್ತಿ!" ಅಂತ ಬಾಜೂಮನಿ ವೈನಿ ಬಾಗಲದಾಗಽ ನಿಂತು ನಕ್ರು. ನಗೂದು ಬರೋಬ್ಬರಿನಽ ಐತಿ. ಏಪ್ರಿಲ್ ತಿಂಗಳು, ಬಾಗಲಕೋಟಿ ನವನಗರ, ಮ್ಯಾಲೆ ಆರ್‌ಸಿಸಿ ಮನಿ. ಫ್ಯಾನ್ ತಿರಗಿದ್ರ ಬಿಸಿಗಾಳಿ, ನಿಂತ್ರ ಬೆವರು. ಅದರಾಗ ತೊಡಿ ಮ್ಯಾಲೆ ಉಣ್ಣಿ ಹರವಿಕೊಂಡು ಕುಂತಾಕಿಗೆ ತಲಿ ಸರಿ ಐತೇನಂತ ಯಾರಿಗಾದ್ರೂ ಅನಸ್ತೈತಿ.

ನನ್ನ ಮಗಳು ಅಳಿಯಾ ಇರೂದು ಎಡಿನ್‌ಬರೋದಾಗ. ಅಲ್ಲಿ ಮೊಮ್ಮಗಳಿಗೆ ಈಗ ಐದು ತುಂಬ್ಯಾವು. ಹೋದ ಸಲ ಬಂದಾಗ ಮಗಳು ಮೂರು ಲಡಿ ಬಿಳಿ ಉಣ್ಣಿ ತಂದಿದ್ಲು, ಒಂದೊಂದು 100 ಗ್ರಾಂ. "ಅವ್ವಾ, ಅಲ್ಲೇ ಉತ್ತರಕ್ಕ ಸಮುದ್ರದಾಗ ಶೆಟ್ಲೆಂಡ್ ಅಂತ ದ್ವೀಪ ಅದಾವು, ಫೇರ್ ಐಲ್ ಅಂತ ಇನ್ನೊಂದು ಸಣ್ಣ ದ್ವೀಪ ಐತಿ. ಅಲ್ಲಿ ಹೆಂಗಸರು ಬಣ್ಣಬಣ್ಣದ ಸ್ವೆಟರ್ ಹೆಣೀತಾರ, ಆ ಊರಿನ ಹೆಸರಽ ಆ ಕೆಲಸಕ್ಕ ಬಿದ್ದೈತಿ. ನಮ್ಮ ಇಳಕಲ್ಲಿನಂಗ. ನೀ ಅದರಾಗ ನಮ್ಮ ಇಳಕಲ್ ಸೆರಗು ಹಾಕಿ ಕೊಡು" ಅಂದ್ಲು. ಹೇಳೂದು ಸಸಾರ. ಮಗಳಂದಿರಿಗೆ ಅವ್ವಗೋಳ ಕೈಯಾಗ ಎಲ್ಲಾ ಆಗತೈತಿ ಅಂತ ಭಾಳ ನಂಬಿಕಿ.

ನಾ ಪಿಯುಸಿ ಓದೂಮುಂದ ಹಾಸ್ಟೆಲ್ಲಿನಾಗ ಸೀದಾ-ಉಲ್ಟಾ ಹೆಣಿಯೂದು ಕಲ್ತಿದ್ದೆ. ಮಕ್ಕಳ ಬಾಣಂತನದಾಗ ಟೊಪಗಿ, ಕಾಲುಚೀಲ ಆಗಿದ್ದಾವು. ಎರಡು ಬಣ್ಣದ ಕೆಲಸ ಮಾಡಿದ್ದಿಲ್ಲ, ಉಣ್ಣಿಗೆ ಬಣ್ಣ ಅಂತೂ ಕನಸಿನ್ಯಾಗೂ ಹಾಕಿದ್ದಿಲ್ಲ. ಹಾಕಿದ ಮ್ಯಾಲೆ ನನಗ ಒಂದು ಹಳೇ ಲೆಕ್ಕ ನೆನಪಾತು. ಮುನ್ನೂರು ರೂಪಾಯಿದು. ಇದನ್ನ ಬರಿಯಾಕ ಕುಂತದ್ದು ಆ ಮುನ್ನೂರಕ್ಕಾಗಿ, ಸ್ವೆಟರ್ ತೋರಸಾಕ ಅಲ್ಲ. (ಫೋಟೋ ಕೇಳಿದಾವ್ರಿಗೆ ಕಳಸ್ತೀನಿ, ಅದು ಬ್ಯಾರೆ ಮಾತು.)

ಆರು ವರ್ಷದ ಹಿಂದ ಅಣ್ಣನ ಮಗನ ಲಗ್ನ. ನನಗ ಮತ್ತ ನಮ್ಮ ನೆಗೆಣ್ಣಿಗೆ ಒಂದಽ ಥರದ್ದು ಎರಡು ಇಳಕಲ್ ಸೀರಿ ಬೇಕಾಗಿದ್ದವು. ಮೈ ಹಸರು, ಸೆರಗು ತೋಪತೆನಿ. ಇಳಕಲ್ಲಿನ ಹತ್ರ ಒಂದು ಊರಾಗ ಮಗ್ಗದ ಮನಿಗೇ ಹೋಗಿ ಹೇಳಿಬಂದ್ವಿ. ಎರಡು ತಿಂಗಳಿಗೆ ಸೀರಿ ಬಂದವು. ಬಿಸಲಿಗೆ ಹಿಡದು ನೋಡ್ತೀವಿ, ಒಂದು ಹಸರು ಗಿಣಿ ಹಸರು, ಇನ್ನೊಂದು ಎಳ್ಳಷ್ಟು ಕಪ್ಪಗ. ಎಳ್ಳಷ್ಟ ರೀ, ಲಗ್ನದ ಮನ್ಯಾಗ ಯಾರೂ ಗುರ್ತು ಹಿಡೀಲಿಲ್ಲ. ಆದ್ರ ನನ್ನ ಬಾಯಿ ಸುಮ್ಮನಿರಬೇಕಲ್ಲ? "ಇದು ಡಿಫೆಕ್ಟ್ ಪೀಸು" ಅಂತ ಜಗಳಾ ತಗದೆ. ಆ ಮನಿ ಹೆಣ್ಣಮಗಳು ನೆಲದ ಮ್ಯಾಲೆ ಕುಂತು ಕಂಡಿಕಿ ಸುತ್ತಾಕತ್ತಿದ್ಲು. ಕೈ ನಿಂದರಸದಽ, "ಅಕ್ಕಾರ, ಅವೆರಡೂ ಒಂದಽ ಹಾಸಿನವು ಅಲ್ರಿ. ಬಣ್ಣಾ ಹಾಕಿದ ದಿನಾನೂ ಬ್ಯಾರೆ" ಅಂದ್ಲು. ನನಗ ಅದು ನೆಪ ಅನಿಸ್ತು. ಮುನ್ನೂರು ಕಡದು ಕೊಟ್ಟು ಬಂದೆ. ಆಕಿ ಗಂಡ ರೊಕ್ಕ ಎಣಿಸಿದಾ, ಏನೂ ಅನಲಿಲ್ಲ. ದಾರಿಯಾಗ ನೆಗೆಣ್ಣಿ ಮುಂದ "ಹೆಂಗ ಇಳಿಸಿದೆ ನೋಡು" ಅಂತ ಹೆಮ್ಮಿ ಬ್ಯಾರೆ.

ಈಗ ಬಣ್ಣದ ಕತಿ ಕೇಳ್ರಿ.

ಇಳಕಲ್ ಸೆರಗಿನ ಕೆಂಪಿಗೆ ನಾವು ದಾಳಿಂಬರಿ ಕೆಂಪು ಅಂತೀವಿ. ನಮ್ಮ ಜಿಲ್ಲಾದಾಗ ದಾಳಿಂಬರಿ ತೋಟಕ್ಕೇನು ಕಡಿಮಿ? ಸಿಪ್ಪಿ ಕುದಿಸಿದ್ರ ಕೆಂಪು ಬರತೈತಿ ಅಂತ ನಾ ತಿಳಕೊಂಡಿದ್ದೆ. ಒಂದು ಬೋಗಾಣಿ ಸಿಪ್ಪಿ ಕುದಿಸಿ, ಒಂದು ತುಂಡು ಎಳಿ ಅದ್ದಿದೆ. ಬಂತು ಹಳದಿ! ಸಾಸವಿ ಎಣ್ಣಿ ಬಣ್ಣ. ಅದಕ್ಕ ಜಂಗು ಹಿಡಿದ ಮೊಳಿ ನೀರು ಬೆರಸಿದ್ರ ಕಪ್ಪಗ ತಿರಗತೈತಿ, ಕೆಂಪು ಮಾತ್ರ ಏನ ಮಾಡಿದ್ರೂ ಬರೂದಿಲ್ಲ. ದಾಳಿಂಬರಿ ಕೆಂಪು ಅನ್ನೂದು ಕಾಳಿನ ಬಣ್ಣ ನೋಡಿ ಇಟ್ಟ ಹೆಸರು, ಸಿಪ್ಪಿಯಿಂದ ತಗದ ಬಣ್ಣ ಅಲ್ಲ. ಇಷ್ಟು ವರ್ಷ ಉಟ್ಟಾಕಿಗೆ ಇದು ಗೊತ್ತಿದ್ದಿಲ್ಲ.

ಕೆಂಪಿಗೆ ಬೇಕಾದ್ದು ಮಂಜಿಷ್ಠ. ಗ್ರಂಧಿಗಿ ಅಂಗಡ್ಯಾಗ ಬೇರು ಸಿಗತಾವು, ನಮ್ಮ ಹಿರ್‍ಯಾರು ಮುಖಕ್ಕ ಹಚ್ಚಾಕ, ಕಷಾಯಕ್ಕ ತರತಿದ್ರು. 100 ಗ್ರಾಂ ಉಣ್ಣಿಗೆ 100 ಗ್ರಾಂ ಬೇರು, 12 ಗ್ರಾಂ ಪಟಕ. ಮದಲ ಉಣ್ಣಿ ತೊಯಿಸಿ, ಪಟಕದ ನೀರಾಗ ಸಣ್ಣ ಉರಿ ಮ್ಯಾಲೆ ಒಂದು ತಾಸು ಇಟ್ಟು, ಅದರಾಗಽ ಆರಾಕ ಬಿಡಬೇಕು. ಪಟಕ ಇಲ್ಲದಿದ್ರ ಬಣ್ಣ ಎಳಿಗೆ ಗಟ್ಟಿ ಹಿಡಿಯೂದಿಲ್ಲ. ಬೇರು ರಾತ್ರಿ ನೆನಿ ಹಾಕಿ, ಮರುದಿನ ಆ ನೀರಾಗ ಉಣ್ಣಿ ಬಿಟ್ಟು, ಕೈ ತಡಿಯೂದಿಲ್ಲ ಅನ್ನೂವಷ್ಟು ಬಿಸಿ ಮಾಡಬೇಕು, ಕುದಿ ಮಾತ್ರ ಬರಬಾರದು. ಕುದಿ ಬಂತು, ಕೆಂಪಿನ ಒಳಗಿನ ಕಂದು ಹೊರಗ ಬರತೈತಿ. ಉಣ್ಣಿಗೆ ಇನ್ನೊಂದು ಸೊಕ್ಕು: ಬಿಸಿ ನೀರಿಂದ ತಗದು ತಣ್ಣೀರಿಗೆ ಹಾಕಿ ತಿಕ್ಕಿದಿರೋ, ಗಂಟುಗಂಟಾಗಿ ಕಂಬಳಿ ಆಗಿಬಿಡತೈತಿ. ಅದು ತಣ್ಣಗಾಗೂತನಕ ಕಾಯಬೇಕು.

(ಅಂಗಡ್ಯಾಗ ನಾವು ಉಲನ್ ಅಂತ ತರೂ ಉಂಡಿ ಹೆಚ್ಚಿನವು ಅಕ್ರಿಲಿಕ್, ಅವಕ್ಕ ಈ ಬಣ್ಣ ಹತ್ತೂದಿಲ್ಲ. ಒಂದು ಎಳಿ ಸುಟ್ಟು ನೋಡ್ರಿ. ಉಣ್ಣಿ ಇದ್ರ ಕೂದಲ ಸುಟ್ಟ ವಾಸನಿ ಬಂದು ಬೂದಿ ಪುಡಿ ಆಗತೈತಿ. ಪ್ಲಾಸ್ಟಿಕ್ಕಿನಂಗ ಕರಗಿ ಗಟ್ಟಿ ಮಣಿ ಆತಂದ್ರ ಅದು ಕುರಿ ಮೈಮ್ಯಾಲಿಂದು ಅಲ್ಲ.)

ಮದಲನೇ ಲಡಿ ಬಂದದ್ದು ನೋಡಿ ನಾನಽ ದಂಗಾದೆ. ಅದಽ ನಮ್ಮ ಸೆರಗಿನ ಕೆಂಪು, ಒಂಚೂರು ಮೆತ್ತಗ. ನೆರಳಾಗ ಹಾಕಿ, ಹೋಗಿ ಬಂದು ಮುಟ್ಟಿ ನೋಡಿದೆ. ಮಗಳಿಗೆ ವಿಡಿಯೋ ಮಾಡಿ ತೋರಿಸಿದೆ. ಆಕಿ ಅಲ್ಲೇ ಮೊಬೈಲ್‌ನಾಗ ಓದಿ ಹೇಳಿದ್ಲು, ಯುರೋಪಿನ್ಯಾಗೂ ಇದರ ಜಾತಿ ಬೇರಿನಿಂದಽ ಕೆಂಪು ತಗೀತಿದ್ರಂತ, 1868ರಾಗ ಜರ್ಮನಿಯಾಗ ಅದರ ಬಣ್ಣಾನ ರಸಾಯನದಾಗ ಮಾಡೂದು ಕಂಡುಹಿಡದ ಮ್ಯಾಲೆ ಬೇರು ಬೆಳಿಯಾವ್ರ ಹೊಟ್ಟಿ ಮ್ಯಾಲೆ ಕಲ್ಲು ಬಿತ್ತಂತ. ಇಳಕಲ್ಲಿನ್ಯಾಗೂ ಈಗ ಹೆಚ್ಚಿನದು ಕೆಮಿಕಲ್ ಬಣ್ಣಽ. ಅದಕ್ಕ ಬೈಯೂದಿಲ್ಲ ನಾ. ಅದನ್ನೂ ಲಡಿ ಲಡಿ ಬಿಸಿನೀರಾಗ ಕೈಲೆನಽ ಅದ್ದಬೇಕು, ತಿರಿವ್ಯಾಡಬೇಕು, ಆ ಹಬಿ ಕುಡೀಬೇಕು.

ನಾಕು ದಿನಾ ಬಿಟ್ಟು ಎರಡನೇ ಲಡಿ ಹಾಕಿದೆ. ಅದಽ ಬೋಗಾಣಿ, ಅದಽ ಅಂಗಡಿ ಬೇರು, ಅದಽ ತೂಕ, ಅದಽ ಕೈ. ಬಂದದ್ದು ಇಟ್ಟಂಗಿ ಬಣ್ಣ! ಬಾಜೂಕ ಬಾಜೂಕ ಇಟ್ರ ಅಕ್ಕ ತಂಗಿ ಅಂತಾನೂ ಹೇಳಾಕ ಆಗೂದಿಲ್ಲ, ದೂರದ ಬೀಗರು. ಯಾಕ ಹಿಂಗಾತಂತ ಎರಡು ದಿನಾ ತಲಿ ಕೆಡಿಸಿಕೊಂಡೆ. ಆಮ್ಯಾಲೆ ಹೊಳೀತು. ಮದಲನೇದಕ್ಕ ಬೋರಿನ ನೀರು ಹಾಕಿದ್ದೆ, ಅವತ್ತು ನಳಾ ಬಂದಿದ್ದಿಲ್ಲ. ಎರಡನೇದಕ್ಕ ನಳದ ನೀರು. ಬೋರಿನ ಗಡಸು ನೀರಾಗಿನ ಸುಣ್ಣದ ಅಂಶ ಮಂಜಿಷ್ಠದ ಕೆಂಪಿಗೆ ಚಲೋ ಅಂತ. ನಾವು ಬ್ಯಾಳಿ ಬೇಯೂದಿಲ್ಲ ಅಂತ ಬೈಯೂ ನೀರಽ ಬಣ್ಣಕ್ಕ ಬೇಕು. ಮತ್ತ ಎರಡನೇ ಸಲ ತಂಗಿ ಫೋನ್ ಬಂದಿತ್ತು, ಮಾತಿನ್ಯಾಗ ಬೋಗಾಣಿ ಒಂದು ಕುದಿ ಬಂದಿದ್ದೂ ಖರೆ. ತಂಗಿಗೆ ಇನ್ನಾ ಹೇಳಿಲ್ಲ, ಓದಿ ತಿಳಕೋಲಿ.

ಅಷ್ಟ ಆಗಿದ್ರ ನಾ ಮತ್ತೊಂದು ಲಡಿ ತರಸ್ತಿದ್ದೆ. ಆದ್ರ ತಪ್ಪು ಏನ ಮಾಡಿದೆ ಅಂದ್ರ, ಎರಡನೇದು ಇನ್ನಾ ಹಸಿ ಇರೂಮುಂದಽ ಮದಲನೇ ಲಡಿಲೆ ಹೆಣಿಯಾಕ ಸುರು ಮಾಡಿದ್ದೆ. ಹನ್ನೊಂದು ದಿನದಾಗ ಎದಿಮಟಾ ಏರಿತ್ತು. ಇನ್ನ ತೋಳಿಗೆ ಬ್ಯಾರೆ ಬಣ್ಣ ಬರತೈತಿ. ಇಡೀ ಬಿಚ್ಚಿದೆ. ಬಿಚ್ಚಿ, ಎರಡು ಸಾಲು ಈ ಲಡಿಲೆ, ಎರಡು ಸಾಲು ಆ ಲಡಿಲೆ, ಹಿಂಗ ಪಾಳಿ ಮ್ಯಾಲೆ ಹೆಣದೆ. ಹಂಗ ಮಾಡಿದ್ರ ಎರಡೂ ಒಂದರಾಗೊಂದು ಬೆರತು, ದೂರದಿಂದ ನೋಡಾವ್ರಿಗೆ ಒಂದಽ ಕೆಂಪು ಕಾಣತೈತಿ. ಬಿಚ್ಚೂಮುಂದ ನನಗ ಆ ಹೆಣ್ಣಮಗಳ ಮಾತು ನೆನಪಾತು ನೋಡ್ರಿ. "ಅವೆರಡೂ ಒಂದಽ ಹಾಸಿನವು ಅಲ್ರಿ." ನಾ ಬಿಚ್ಚಬಹುದು. ಆಕಿ ನೇದ ಸೀರಿ ಬಿಚ್ಚಾಕ ಬರತೈತೇನು?

ಅಲ್ಲಿ ಒಂದಽ ಹಾಸು ಯಾಕ ಇರೂದಿಲ್ಲ ಅಂತ ಆಮ್ಯಾಲೆ ಕೇಳಿ ತಿಳಕೊಂಡೆ. ಉಡಾವ್ರು ನಾವು, ನಮಗಽ ಗೊತ್ತಿಲ್ಲ ಅಂದ್ರ ಹೆಂಗ?

ಬ್ಯಾರೆ ಸೀರಿಯೊಳಗ ಒಂದಽ ಉದ್ದನ್ನ ಹಾಸು ಮಗ್ಗಕ್ಕ ಏರಿಸಿ, ಸೆರಗು ಬಂದಾಗ ಹೊಕ್ಕಿನ ಬಣ್ಣ ಬದ್ಲಿ ಮಾಡಿ, ಒಂದರ ಹಿಂದ ಒಂದು ಸೀರಿ ನೇಕೊಂಡು ಹೋಗತಾರ. ಅದಕ್ಕ ಸೆರಗಿನ್ಯಾಗ ಮೈ ಬಣ್ಣ ಬೆರತಿರತೈತಿ, ಹಸರಿನ ಮ್ಯಾಲೆ ಕೆಂಪು ಹೊಕ್ಕು ಹಾಕಿದ್ರ ಅಚ್ಚ ಕೆಂಪು ಬರೂದಿಲ್ಲ. ನಮ್ಮ ತೋಪತೆನಿ ಸೆರಗು ಹಂಗಲ್ಲ. ಮೈಯಿ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಮೈಗೆ ಹತ್ತಿ ಇರಲಿ, ಸೆರಗಿಗೆ ಕೆಂಪು ರೇಷ್ಮಿ. ಮೈಯಿ ಒಂದೊಂದು ಎಳಿ ಕುಣಿಕಿಗೆ ಸೆರಗಿನ ಒಂದೊಂದು ಎಳಿ ಕುಣಿಕಿ ಸೇರಿಸಿ, ಒಂದರಾಗೊಂದು ಕೊಂಡಿ ಹಾಕತಾರ. ಸಾವಿರಾರು ಎಳಿ. ಇದಕ್ಕಽ ಕೊಂಡಿ ಅನ್ನೂದು. ಈ ಸೆರಗು ಬೇಕಂದ್ರ ಹಾಸೂ ಒಂದು ಸೀರಿಗಾಗೂವಷ್ಟಽ ಮಾಡಬೇಕು, ಆರು ಮೊಳದ ಲೆಕ್ಕ ಅಲ್ಲ, ಆರು ವಾರಿಗೆ ಆರು, ಒಂಬತ್ತು ವಾರಿಗೆ ಒಂಬತ್ತು. ಅಂದ್ರ ನನ್ನ ಸೀರಿದು ಒಂದು ಹಾಸು, ನೆಗೆಣ್ಣಿ ಸೀರಿದು ಇನ್ನೊಂದು. ಬಣ್ಣದ ಬೋಗಾಣಿ ಬ್ಯಾರೆ ಆತಂದ್ರ ನೀರು ಬ್ಯಾರೆ, ಉರಿ ಬ್ಯಾರೆ, ದಿನಾ ಬ್ಯಾರೆ. ಎಳ್ಳಷ್ಟು ಫರಕ ಬಂದದ್ದಽ ದೊಡ್ಡದಲ್ಲ, ಎಳ್ಳಷ್ಟಽ ಬಂತಲ್ಲ ಅನ್ನೂದು ಆ ಬಣ್ಣದಾವ್ನ ಕೈಗುಣ. ನಂದು ನೋಡ್ರಿ, ದೂರದ ಬೀಗರು.

ಮೂರು ಕೆಂಪು ಪಟ್ಟಿ, ನಡುವ ಎರಡು ಬಿಳಿ, ಅಂಚಿಗೆ ಜ್ವಾಳದ ತೆನಿ, ಹಣಗಿ ಹಲ್ಲು. ಇದಽ ಸೆರಗನ್ನ ನಾ ಸ್ವೆಟರಿನ ಕೆಳಗಿನ ಅಂಚಿಗೆ ಸುತ್ತಾ ತಿರಗಿಸೀನಿ. ಎದಿಮ್ಯಾಲೆ ಏನ ಹಾಕಬೇಕಂತ ವಿಚಾರ ಮಾಡಿ ಕಸೂತಿ ಆನಿ ತಗೊಂಡೆ. ನಮ್ಮ ಕಸೂತಿನೂ ಎಳಿ ಎಣಿಸೂ ಕೆಲಸ, ಹೆಣಿಕಿನೂ ಕುಣಿಕಿ ಎಣಿಸೂ ಕೆಲಸ, ಕೂಡಿಕೋತಾವು ಅಂತ ತಿಳಿದ್ದೆ. ಅರ್ಧಾ ಕೂಡತಾವು. ಗವಂತಿ, ಮುರ್ಗಿ ಗೆರಿ ಎಳಿಯೂ ಹೊಲಿಗಿ, ಸ್ವೆಟರಿನಾಗ ಗೆರಿ ಬರೂದಿಲ್ಲ, ಬರೂದು ಚೌಕ. ಹಂಗಾಗಿ ಅವು ಕಳಕೊಂಡು ಹೋಗತಾವು. ಮೆಂಥಿ ಹೊಲಿಗಿ ಒಂದೊಂದು ಕತ್ತರಿಗೆ ಒಂದೊಂದು ಕುಣಿಕಿ ಬರೋಬ್ಬರಿ ಕುಂಡರ್ತೈತಿ. ನೆಯ್ಗಿ ಹೊಲಿಗಿ ಅಂತೂ ಇದರ ಸ್ವಂತ ತಂಗಿ, ಮುಂದ ಕಾಣದ ಎಳಿ ಹಿಂದ ಅಡ್ಡ ಹಾಯ್ದಿರತೈತಿ, ಸ್ವೆಟರಿನಾಗೂ ಹಂಗಽ. ಆ ಹಿಂದಿನ ಎಳಿ ಬಿಗಿ ಹಿಡದ್ರ ಸ್ವೆಟರ್ ಮುದ್ದಿ ಆಗತೈತಿ, ಸಡ್ಲ ಬಿಟ್ರ ಹುಡುಗರ ಬಳ್ಳು ಸಿಕ್ಕೋತಾವು. ಐದು ಕುಣಿಕಿ ದಾಟಿದ್ರ ನಡುವ ಒಮ್ಮೆ ಎಳಿ ಸಿಗಸಬೇಕು.

ಮತ್ತ ಇನ್ನೊಂದು ಫಜೀತಿ. ಹೆಣಿಕಿ ಕುಣಿಕಿ ಚೌಕ ಇರೂದಿಲ್ಲ, ಅಗಲ ಹೆಚ್ಚು, ಎತ್ತರ ಕಡಿಮಿ. ಕಸೂತಿ ಲೆಕ್ಕದಾಗಽ ಹೆಣದ್ರ ನನ್ನ ಆನಿ ಕುಳ್ಳಾಗಿ ಹಂದಿ ಆತು. ನಮ್ಮನಿಯವ್ರು ಪೇಪರ್ ಕೆಳಗ ಇಟ್ಟು, "ವರಾಹ ಅವತಾರ ಚಂದ ಬಂದೈತಿ" ಅಂದ್ರು. ನಡುನಡುವ ನಾಕೈದು ಸಾಲು ಹೆಚ್ಚ ಹಾಕಿದ ಮ್ಯಾಲೆ ಸೊಂಡಿ ನೆಟ್ಟಗಾತು.

ದಿನಕ್ಕ ಎರಡು ತಾಸಿನಂಗ 46 ದಿನಾ ಹಿಡೀತು, ಬಿಚ್ಚಿದ್ದೂ ಸೇರಿಸಿ. ತೊಂಬತ್ತು ತಾಸು ಅಂತಿಟ್ಕೋರಿ. ತಾಸಿಗೆ ಬರೇ ಐವತ್ತು ರೂಪಾಯಿ ಹಿಡದ್ರೂ 4,500. ಯಾರಾದ್ರೂ ನನಗ ಇಷ್ಟು ಕೊಟ್ಟು ಆ ಸ್ವೆಟರ್ ಒಯ್ತೀರೇನು? ಬಾಯಿ ಮುಚ್ಚಕೊಂಡ್ರಿ, ನನಗ ಗೊತ್ತೈತಿ. ಬಜಾರದಾಗ ಆರನೂರಕ್ಕ ಸಿಗತೈತಿ ಅಂತೀರಿ. ನನ್ನದು ನಡೀತೈತಿ, ನನಗ ಹೊಟ್ಟಿಗೆ ಬ್ಯಾರೆ ಐತಿ. ಮಗ್ಗದ ಮನಿಯಾವ್ರಿಗೆ ಅದಽ ಹೊಟ್ಟಿ. ಅವ್ರ ಸೀರಿ ರೇಟಿನ್ಯಾಗ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಂವನ ಕೂಲಿ ಒಂದಽ ಅಲ್ಲ, ಕಂಡಿಕಿ ಸುತ್ತಿದಾಕಿ, ಕೊಂಡಿ ಹಾಕಿದಾಕಿ, ಬಣ್ಣ ಅದ್ದಿದಂವ ಎಲ್ಲಾರದೂ ಐತಿ. ಮನಿ ಹೆಂಗಸರ ಕೆಲಸಕ್ಕ ಕೂಲಿ ಹಿಡಿಯೂ ರೂಢೀನಽ ಇಲ್ಲ. ನಾವು ಕಡಿಯೂ ಮುನ್ನೂರು ಕಡೀಕ ಯಾರ ಪಾಲಿಂದ ಹೋಗತೈತಿ ಅಂತೀರಿ?

ನಮ್ಮ ನಾದಿನಿ ಇದನ್ನ ಕೇಳಿ ಬರೋಬ್ಬರಿ ಜಗಳಕ್ಕ ಬಂದ್ಲು. "ಹಂಗಂತ ಏನ ಕೊಟ್ರೂ ಸುಮ್ಮನ ತಗೋಬೇಕೇನು? ರೊಕ್ಕ ಎಣಿಸಾವ್ರು ನಾವು. ನನ್ನ ಬಿಳಿ ಜಂಪರಿಗೆ ಕೆಂಪು ಹತ್ತಿ ಹಾಳಾತಲ್ಲ, ಅದಕ್ಕೂ ಕೈಗುಣ ಅಂತೀಯೇನು?" ಅಂದ್ಲು. ಇದು ಖರೇ ಮಾತು, ಇದರಾಗ ನಾ ಆಕಿ ಕಡೆನಽ.

ಫರಕ ತಿಳಕೋರಿ. ಬಣ್ಣ ಎಳ್ಳಷ್ಟು ಹೆಚ್ಚುಕಮ್ಮಿ ಆಗೂದು ಬ್ಯಾರೆ, ಬಣ್ಣ ಬಿಡೂದು ಬ್ಯಾರೆ. ಮದಲನೇದು ಕೈಕೆಲಸದ ಗುರ್ತು. ಎರಡನೇದು ಕೆಲಸ ಅರ್ಧಾ ಬಿಟ್ಟಿದ್ದು. ಬಣ್ಣ ಹಾಕಿದ ಮ್ಯಾಲೆ ನೀರು ತಿಳಿ ಬರೂತನಕ ತೊಳೀಬೇಕು. ನಾ ಉಣ್ಣಿಗೆ ಆರು ನೀರು ತೊಳದೆ, ಯಾಕಂದ್ರ ಕೆಂಪಿನ ಬಾಜೂಕ ಬಿಳಿ ಬರಾದಿತ್ತು. ಆ ತೊಳಿಯೂದನ್ನ ಬಿಟ್ಟು ಸೀರಿ ಕೊಟ್ರ ನೀವು ಕೇಳಬೇಕು, ವಾಪಸ್ ಕೊಡಬೇಕು, ಅದರಾಗ ಸಂಕೋಚ ಬ್ಯಾಡ. ತಗೊಳ್ಳೂಮುಂದ ಬಿಳಿ ಕರ್ಚೀಫಿನ ತುದಿ ಒದ್ದಿ ಮಾಡಿ, ಸೆರಗಿನ ಒಳಮೂಲಿಗೆ ಒತ್ತಿ ತಿಕ್ಕಿ ನೋಡ್ರಿ, ಕೇಳಿ ಮಾಡ್ರಿ. ಚಲೋ ಬಣ್ಣದಾವ್ರು ಬ್ಯಾಡ ಅನ್ನೂದಿಲ್ಲ. ಮತ್ತ ಮನಿಗೆ ತಂದು ಉಪ್ಪಿನ ನೀರಾಗ ನೆನಸಿದ್ರ ಬಣ್ಣ ನಿಲ್ಲತೈತಿ ಅನ್ನೂದು ನಮ್ಮ ಅತ್ತಿ ಕಾಲದಿಂದ ನಡದು ಬಂದೈತಿ. ಉಪ್ಪಿನ ಕೆಲಸ ಬಣ್ಣದ ಬೋಗಾಣ್ಯಾಗ, ಹತ್ತಿ ನೂಲು ಬಣ್ಣ ಹೀರೂಮುಂದ. ಸರಿಯಾಗಿ ಹಿಡೀದ ಬಣ್ಣಾನ ಆಮ್ಯಾಲೆ ಉಪ್ಪು ಹಿಡದು ಕುಂಡರಸೂದಿಲ್ಲ. ಮದಲ ಎರಡು ಮೂರು ಸಲ ಬ್ಯಾರೆ ತೊಳೀರಿ, ನೆರಳಾಗ ಹಾಕ್ರಿ, ಅಷ್ಟಽ.

ಇನ್ನೊಂದು, ಮೊಬೈಲ್‌ನಾಗ ಫೋಟೋ ತೋರಿಸಿ "ಇದಽ ಬಣ್ಣ ಬೇಕು" ಅನ್ನೂದು ಬಿಡ್ರಿ. ನಿಮ್ಮ ಮೊಬೈಲ್‌ನಾಗಿನ ಹಸರು ನನ್ನ ಮೊಬೈಲ್‌ನಾಗ ನೀಲಿ ಕಾಣತೈತಿ. ಹಳೇ ಸೀರಿ ತುಂಡು, ಜಂಪರಿನ ತುಂಡು ಒಯ್ಯಿರಿ. ಜೋಡಿ ಸೀರಿ ಬೇಕಾದ್ರ ಮದಲಽ ಬಾಯಿಬಿಟ್ಟು ಹೇಳ್ರಿ, ಎರಡಕ್ಕೂ ನೂಲು ಕೂಡೇ ಬಣ್ಣಕ್ಕ ಹಾಕತಾರ. ನಾ ಅವತ್ತು ಅದನ್ನ ಹೇಳಿದ್ದಿಲ್ಲ, ಒಂದನ್ನ ಹೇಳಿ, ಹದಿನೈದು ದಿನಾ ಬಿಟ್ಟು "ನಮ್ಮ ನೆಗೆಣ್ಣಿಗೂ ಇರಲಿ" ಅಂತ ಫೋನ್ ಮಾಡಿದ್ದೆ. ತಪ್ಪು ಯಾರದು?

ಜಗಳಾ ಮಾಡಬೇಕಂದ್ರ ಪವರ್‌ಲೂಮ್ ಸೀರಿನ ಕೈಮಗ್ಗದ್ದು ಅಂತ ಮಾರಾವ್ರ ಕೂಡ ಮಾಡ್ರಿ. ಅಲ್ಲಿ ನಾವು ಬಾಯಿ ತಗಿಯೂದಿಲ್ಲ, ಎಸಿ ಹಾಕಿದ ಅಂಗಡ್ಯಾಗ ಫಿಕ್ಸ್ ರೇಟ್ ಅಂದ್ರ ತಲಿ ಅಲ್ಲಾಡಿಸಿ ಕೊಡ್ತೀವಿ. ಸೀರಿಯಂಥಾ ಕೆಲವು ಅರಿಬಿ ಕೈಮಗ್ಗಕ್ಕಽ ಮೀಸಲು ಇರಲಿ ಅಂತ 1985ರಾಗ ಕಾಯ್ದೆ ಆಗೈತಿ, 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಗುರ್ತಿನ ಚೀಟಿನೂ ಐತಿ. ಚೀಟಿ ಇಲ್ಲಾಂದ್ರ ಸೀರಿ ಮಡಿಕಿ ಬಿಚ್ಚಿ, ಮೈಯಿ ಸೆರಗು ಕೂಡೂ ಜಾಗಾ ಬೆಳಕಿಗೆ ಹಿಡೀರಿ. ಮೈಯಿ ಬಣ್ಣದ ಎಳಿ ಅಲ್ಲಿಗೇ ನಿಂತು, ಕುಣಿಕಿ ಕುಣಿಕಿ ಕೊಂಡಿ ಬಿದ್ದು, ಆ ಕಡೆ ಅಚ್ಚ ಕೆಂಪು ಸುರು ಆಗಿರಬೇಕು. ಬಳ್ಳಿಗೆ ಸಣ್ಣಗ ತರಕ ತರಕ ಹತ್ತತೈತಿ. ಅದು ಇದ್ರ ಯಾರೋ ಹೆಣ್ಣಮಗಳು ಕುಂತು ಒಂದೊಂದು ಎಳಿ ಹಿಡದಾಳ ಅಂತ ಅರ್ಥ.

ಶ್ರಾವಣದ ಹೊತ್ತಿಗೆ ಸ್ವೆಟರ್ ಮುಗೀತು. ಕೊರಿಯರಿಗೆ ಹಾಕೂ ಮದಲು ಅದನ್ನ ಚೀಲದಾಗ ಇಟಗೊಂಡು ಆ ಊರಿಗೆ ಹೋಗಿದ್ದೆ. ಮನಿ ಅದಽ, ಮಗ್ಗ ಐತಿ, ಮಗಾ ಮಾತ್ರ ಬೆಂಗಳೂರಿಗೆ ಕೆಲಸಕ್ಕ ಹೋಗ್ಯಾನಂತ. ಆಕಿಗೆ ನನ್ನ ಗುರ್ತು ಹತ್ತಲಿಲ್ಲ. ಬೈದವ್ರ ಮಾರಿ ನೆನಪಿಟಗೊಂಡು ಕುಂತ್ರ ಅವ್ರ ಕೆಲಸ ನಡೀಬೇಕಲ್ಲ. ಸ್ವೆಟರ್ ಕೈಯಾಗ ಕೊಟ್ಟೆ. ಮುಂದಿನ ಆನಿ ನೋಡಲೇ ಇಲ್ಲ ಆಕಿ, ಸರಕ್ಕನ ಒಳಮೈ ತಿರುವಿ ಎಳಿ ನೋಡಿದ್ಲು. ಆಮ್ಯಾಲೆ ತೋಳಿನ ಹತ್ರ ಬಳ್ಳಿಟ್ಟು, "ಇಲ್ಲಿ ಎರಡು ಬಣ್ಣದ ನೂಲು ಕೂಡಿಸೀರಲ್ರಿ ಅಕ್ಕಾರ" ಅಂದ್ಲು. ಮೂರು ಮಂದಿ ಮನ್ಯಾಗ ಯಾರೂ ಹಿಡೀದ್ದನ್ನ ಹಿಡದ್ಲು! ಹೂಂ ಅಂದೆ. ಒಂದು ಕೆಂಪು ಸೀರಿ ಹೇಳಿ ಅಡ್ವಾನ್ಸ್ ಕೊಟ್ಟೆ, ಅದರ ಮ್ಯಾಲೆ ಮುನ್ನೂರು ಬ್ಯಾರೆ ಇಟ್ಟೆ. ಯಾಕಂತ ಕೇಳಿದ್ಲು. ಹಳೇ ಬಾಕಿ ಅಂದೆ. ಎಷ್ಟು ಹೇಳಿದ್ರೂ ತಗೊಳ್ಳಾಕ ಒಲ್ಲೆ ಅಂದ್ಲು, ಕಡೀಕ ಸೀರಿ ಲೆಕ್ಕದಾಗ ಹಿಡಕೋ ಅಂತ ಬಿಟ್ಟು ಬಂದೀನಿ.

ಆ ಸೀರಿ ತರಾಕ ಬರೂ ರವಿವಾರ ಇಳಕಲ್ ಕಡೆ ಹೊಂಟೀನಿ, ಗಾಡ್ಯಾಗ ಮೂರು ಮಂದಿಗೆ ಜಾಗಾ ಐತಿ. ಮಹಾಂತಪ್ಪನ ಮಠಕ್ಕೂ ಹೋಗಿ ಬರೂನು. ಬರಾವ್ರು ಶನಿವಾರ ಸಂಜಿ ಒಳಗ ಹೇಳ್ರಿ, ರೊಟ್ಟಿ ನಾ ಮಾಡ್ತೀನಿ, ಶೇಂಗಾ ಚಟ್ನಿ ವೈನಿ ತರಲಿ. ನಾದಿನಿ, ನೀ ಬಿಳಿ ಕರ್ಚೀಫು ತಗೊಂಡು ಬಾ.